ಸೊಂಟಕ್ಕೆ ಟೇಪು ಸುತ್ತುತ್ತೇವೆ, ಆ ಒಂದು ಪ್ರಶ್ನೆ ಕೇಳುವುದಿಲ್ಲ

ಬಾದಾಮಿಯ ಬನಶಂಕರಿ ಜಾತ್ರೆಗೆ ಹೋಗಿ ನಾಟಕ ನೋಡದೆ ಬಂದರೆ ನಮ್ಮ ಕಡೆ ಅದನ್ನು ಜಾತ್ರೆ ಮಾಡಿದ ಲೆಕ್ಕಕ್ಕೇ ಹಿಡಿಯುವುದಿಲ್ಲ. ನನ್ನ ಚಿಗವ್ವ ಒಂದೇ ರಾತ್ರಿಯಲ್ಲಿ ಎರಡು ಕಂಪನಿಯ ಆಟ ನೋಡಿ, ಬೆಳಗಿನ ಬಸ್ಸಿಗೆ ಜಮಖಂಡಿಗೆ ಮರಳುತ್ತಿದ್ದವಳು. ಐದು ವರ್ಷದಿಂದ ಬಾದಾಮಿ ಕಡೆ ಮುಖ ಹಾಕಿಲ್ಲ. ಕೇಳಿದರೆ ಮೊಣಕಾಲು ನೋವು ಎನ್ನುತ್ತಿದ್ದಳು. ನಾವೂ ನಂಬಿದ್ದೆವು.

ನಿಜ ಗೊತ್ತಾದದ್ದು ಬಂಧುಗಳ ಮನೆಯ ಕುಬಸದಲ್ಲಿ, ಅಂದರೆ ಸೀಮಂತದಲ್ಲಿ. ಹೆಣ್ಣುಮಕ್ಕಳೆಲ್ಲ ಪಡಸಾಲೆಯಲ್ಲಿ ಕೂತು ಹರಟುತ್ತಿದ್ದೆವು. ಯಾರದೋ ಮಾತಿಗೆ ಚಿಗವ್ವ ಜೋರಾಗಿ ನಕ್ಕಳು. ನಗು ಅರ್ಧಕ್ಕೇ ನಿಂತಿತು. ಮಗ್ಗುಲಲ್ಲಿದ್ದ ನೀರಿನ ತಂಬಿಗೆಯನ್ನು ಕೈ ತಾಗಿದಂತೆ ಮಾಡಿ ತನ್ನ ತೊಡೆಯ ಮೇಲೆ ತಾನೇ ಕೆಡವಿಕೊಂಡಳು. "ಅಯ್ಯ, ನೀರ ಚೆಲ್ಲೇಬಿಡ್ತು ನೋಡವಾ" ಎನ್ನುತ್ತ ನಿರಿಗೆ ಹಿಡಿದು ಹಿತ್ತಲಿಗೆ ಎದ್ದಳು. ತಂಬಿಗೆ ಬೀಳುವ ಮೊದಲೇ ಸೀರೆ ಹಸಿಯಾದದ್ದನ್ನು ನಾನು ನೋಡಿದ್ದೆ.

ಹಿತ್ತಲಿಗೆ ಹೋಗಿ ಕೇಳಿದೆ. "ಎಷ್ಟ ದಿನ ಆತು ಚಿಗವ್ವ?"

"ನಾಕೈದ ವರ್ಷ ಆತವ್ವ. ಕೆಮ್ಮಿದ್ರ, ಸೀನಿದ್ರ, ಕೊಡ ಎತ್ತಿದ್ರ ಹಸಿ ಆಗತೈತಿ. ಮೂರ ಹಡದಾಕಿ, ವಯಸ್ಸೂ ಆತು. ಇದನ್ನ ಡಾಕ್ಟರ್ ಮುಂದ ಯಾವ ಬಾಯಿಲೆ ಹೇಳ್ಲಿ?"

ಮೂರು ಹೆರಿಗೆ, ಮುಟ್ಟು ನಿಂತ ವಯಸ್ಸು. ಅವಳು ಕೊಟ್ಟ ಕಾರಣಗಳೆರಡೂ ಸುಳ್ಳಲ್ಲ. ಆದರೆ ಮೂರನೆಯದೊಂದು ಅವಳ ಪರಕಾರದ ಲಾಡಿಗೆ ಗೊತ್ತಿತ್ತು. ಎಂಟು ಹತ್ತು ವರ್ಷದಲ್ಲಿ ಆ ಲಾಡಿಯ ಗಂಟು ಗೇಣುದ್ದ ಮುಂದೆ ಸರಿದಿತ್ತು. ಹೆರಿಗೆಯನ್ನು ಹಿಂದಕ್ಕೆ ತಿರುಗಿಸಲಾಗದು, ವಯಸ್ಸನ್ನೂ ಆಗದು. ಕೈಗೆ ಸಿಗುವ ಕಾರಣ ಇದೊಂದೇ. ನಮ್ಮ ಮನೆಗಳಲ್ಲಾಗಲಿ ದವಾಖಾನೆಗಳಲ್ಲಾಗಲಿ ಹೊಟ್ಟೆಯ ಬೊಜ್ಜಿಗೂ ಮೂತ್ರ ಸೋರುವುದಕ್ಕೂ ಗಂಟು ಹಾಕಿ ಯಾರೂ ಮಾತಾಡುವುದಿಲ್ಲ. ಬೊಜ್ಜು ಎಂದರೆ ಬಿಪಿ, ಶುಗರ್, ಹೃದಯ ಎಂದಷ್ಟೇ ಹೇಳುತ್ತೇವೆ.

ವೈದ್ಯಲೋಕ ಈಗ ಹಾಗೆ ನೋಡುತ್ತಿಲ್ಲ. 2025ರ ಜನವರಿಯಲ್ಲಿ ಲ್ಯಾನ್ಸೆಟ್ ಪತ್ರಿಕೆಯ ಪರವಾಗಿ 56 ತಜ್ಞರ ಆಯೋಗವೊಂದು ಬೊಜ್ಜನ್ನು ಯಾವಾಗ ಕಾಯಿಲೆ ಎನ್ನಬೇಕು ಎಂಬುದಕ್ಕೆ ಹೊಸ ಅಳತೆ ಕೊಟ್ಟಿತು. ಎತ್ತರ ಮತ್ತು ತೂಕದ ಲೆಕ್ಕವಾದ ಬಿಎಂಐ ಒಂದೇ ಸಾಲದು, ಸೊಂಟದ ಸುತ್ತಳತೆಯಂಥ ಇನ್ನೊಂದು ಅಳತೆಯೂ ಬೇಕು, ಜೊತೆಗೆ ಬೊಜ್ಜಿನಿಂದ ಯಾವ ಅಂಗದ ಕೆಲಸ ಕೆಟ್ಟಿದೆ ಎಂದು ನೋಡಬೇಕು ಎಂದಿತು. ಹಾಗೆ ನೋಡಬೇಕಾದ ಲಕ್ಷಣಗಳ ಪಟ್ಟಿಯಲ್ಲಿ ಉಸಿರಾಟ, ಹೃದಯ, ಯಕೃತ್ತು, ಕೀಲುಗಳ ಸಾಲಿನಲ್ಲೇ ಪದೇಪದೇ ಮೂತ್ರ ಸೋರುವುದೂ ಇದೆ. ನಾಚಿಕೆಯೆಂದು ಹಿತ್ತಲಿನಲ್ಲಿ ಮುಚ್ಚಿಟ್ಟದ್ದನ್ನು ಹೃದಯದ ತೊಂದರೆಯ ಪಕ್ಕದಲ್ಲಿ ಕೂರಿಸಿದ್ದಾರೆ. ನನಗೆ ಇದು ಬಹಳ ದೊಡ್ಡ ಮಾತು.

ಸೊಂಟದ ಅಳತೆಗೆ ಇಷ್ಟು ಮಹತ್ವ ಏಕೆ ಎಂಬುದು ನಮ್ಮ ಮೈಕಟ್ಟು ನೋಡಿದರೆ ತಿಳಿಯುತ್ತದೆ. ಕೈಕಾಲು ತೆಳ್ಳಗೆ, ಹೊಟ್ಟೆ ಮಾತ್ರ ಮುಂದೆ. ನಮ್ಮ ದೇಶದವರಲ್ಲಿ ಕೊಬ್ಬು ಮೊದಲು ಕೂಡುವುದೇ ಹೊಟ್ಟೆಯಲ್ಲಿ. 150 ಸೆಂಟಿಮೀಟರ್ ಎತ್ತರದ ಹೆಣ್ಣುಮಗಳು 54 ಕೆಜಿ ತೂಗಿದರೆ ಬಿಎಂಐ 24. ಜಗತ್ತಿನ ಲೆಕ್ಕದಲ್ಲಿ ಇದು 25ರ ಒಳಗೆ, ಅಂದರೆ ಸರಿಯಾದ ತೂಕ. ಅವಳ ಸೊಂಟಕ್ಕೆ ಟೇಪು ಹಿಡಿದರೆ 90 ದಾಟಿರಬಹುದು. ನಮ್ಮ ಹೆಣ್ಣುಮಕ್ಕಳಿಗೆ ಹೇಳಿರುವ ಮಿತಿ 80 ಸೆಂಟಿಮೀಟರ್. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಮೊದಲ ಸಲ ಸೊಂಟದ ಅಳತೆಯನ್ನೂ ತೆಗೆದುಕೊಂಡಿತು. ಆ ಅಂಕಿಗಳನ್ನು ಇಟ್ಟುಕೊಂಡು ಲೆಕ್ಕ ಹಾಕಿದವರು ದೇಶದ ನೂರು ಹೆಂಗಸರಲ್ಲಿ 40 ಮಂದಿಗೆ, ನೂರು ಗಂಡಸರಲ್ಲಿ 12 ಮಂದಿಗೆ ಹೊಟ್ಟೆಯ ಬೊಜ್ಜು ಎಂದು ಕಂಡುಕೊಂಡರು. ಬಿಎಂಐ ಲೆಕ್ಕದಲ್ಲೂ ಕರ್ನಾಟಕದಲ್ಲಿ ತೂಕ ಹೆಚ್ಚಿರುವ ಹೆಂಗಸರು ಹಿಂದಿನ ಸಮೀಕ್ಷೆಯ ಹೊತ್ತಿಗೆ ನೂರಕ್ಕೆ 23 ಇದ್ದವರು ಈ ಸಮೀಕ್ಷೆಗೆ 30 ಆಗಿದ್ದಾರೆ.

ಈಗ ಒಳಗೆ ಏನಾಗುತ್ತದೆ ಎಂಬುದಕ್ಕೆ ಬರೋಣ. ನವಾರದ ಹೊರಸು ನೆನಪಿಸಿಕೊಳ್ಳಿ. ಕಟ್ಟಿಗೆಯ ಚೌಕಟ್ಟು, ನಡುವೆ ಬಿಗಿಯಾಗಿ ಹೆಣೆದ ಪಟ್ಟಿ. ಹೆಣ್ಣಿನ ಕಿಬ್ಬೊಟ್ಟೆಯ ತಳ ಹಾಗೇ ಇದೆ. ಸೊಂಟದ ಎಲುಬು ಚೌಕಟ್ಟು, ಮುಂದಿನಿಂದ ಹಿಂದಕ್ಕೆ ಹೆಣೆದ ಸ್ನಾಯುಗಳೇ ನವಾರ. ಮೂತ್ರಚೀಲ, ಗರ್ಭಚೀಲ, ಮಲಾಶಯ ಈ ಮೂರಕ್ಕೂ ಆಸರೆ ಅದೇ. ಹೆರಿಗೆಯಲ್ಲಿ ಈ ನವಾರ ಮಿತಿಮೀರಿ ಹಿಗ್ಗುತ್ತದೆ. ಮುಟ್ಟು ನಿಂತ ಮೇಲೆ ಹಾರ್ಮೋನು ಕಡಿಮೆಯಾಗಿ ಅದರ ಬಿಗಿ ಇನ್ನಷ್ಟು ಇಳಿಯುತ್ತದೆ. ಅಷ್ಟರ ಮೇಲೆ ಹೊಟ್ಟೆಯ ಬೊಜ್ಜು ಬಂದು ಕೂರುತ್ತದೆ. ಬಸುರಿನ ಭಾರ ಒಂಬತ್ತು ತಿಂಗಳಿಗೆ ಇಳಿಯುತ್ತದೆ, ತಲೆಹೊರೆ ಮನೆ ಮುಟ್ಟಿದರೆ ಇಳಿಯುತ್ತದೆ, ಬೊಜ್ಜಿನ ಭಾರ ಇಳಿಯುವುದೇ ಇಲ್ಲ. ಹೊರಸಿನ ಮೇಲೆ ಜೋಳದ ಚೀಲ ಇಟ್ಟು ವರ್ಷಗಟ್ಟಲೆ ಮರೆತಂತೆ. ಹೊಟ್ಟೆಯೊಳಗಿನ ಒತ್ತಡ ಯಾವಾಗಲೂ ಒಂದು ಮಟ್ಟ ಮೇಲೆಯೇ ಇರುತ್ತದೆ, ನವಾರ ಜೋತು ಬೀಳುತ್ತದೆ.

ಜೋತು ಬಿದ್ದರೆ ಸೋರುವುದೇಕೆ? ಕಬ್ಬಿಗೆ ನೀರು ಹಾಯಿಸುವಾಗ ರಬ್ಬರ್ ಪೈಪನ್ನು ಕಾಲಲ್ಲಿ ತುಳಿದು ನೀರು ನಿಲ್ಲಿಸಿದವರಿಗೆ ಇದು ಕೂಡಲೇ ತಿಳಿಯುತ್ತದೆ. ಕೆಳಗೆ ಗಟ್ಟಿ ನೆಲ ಇದ್ದರೆ ಪೈಪು ಚಪ್ಪಟೆಯಾಗಿ ನೀರು ನಿಲ್ಲುತ್ತದೆ. ನೀರುಂಡ ಎರೆಮಣ್ಣು ಇದ್ದರೆ ಪೈಪು ಮಣ್ಣಿನಲ್ಲಿ ಹೂತುಹೋಗುತ್ತದೆ, ನೀರು ಹರಿಯುತ್ತಲೇ ಇರುತ್ತದೆ. ಕೆಮ್ಮಿದಾಗ ಹೊಟ್ಟೆಯ ಒತ್ತಡ ಮೂತ್ರಚೀಲವನ್ನು ಹಿಂಡುವುದರ ಜೊತೆಗೆ ಮೂತ್ರನಾಳವನ್ನೂ ಕೆಳಗಿನ ಆಸರೆಗೆ ಒತ್ತುತ್ತದೆ. ಆಸರೆ ಗಟ್ಟಿ ಇದ್ದರೆ ನಾಳ ಮುಚ್ಚಿಕೊಳ್ಳುತ್ತದೆ, ಸಡಿಲವಾಗಿದ್ದರೆ ಸೋರುತ್ತದೆ. ಅಮೆರಿಕದ ಮಿಷಿಗನ್ನಿನ ವೈದ್ಯ ಜಾನ್ ಡಿಲ್ಯಾನ್ಸಿ 1994ರಲ್ಲಿ ವಿವರಿಸಿದ್ದು ಈ ಆಸರೆಯ ಕತೆಯನ್ನೇ.

ಸೋರಿಕೆಯಲ್ಲಿ ಇನ್ನೊಂದು ಬಗೆಯಿದೆ. ಕೆಮ್ಮು ಸೀನು ಏನೂ ಇಲ್ಲ. ಒಮ್ಮೆಲೇ ಅವಸರವಾಗುತ್ತದೆ, ಬಚ್ಚಲು ಮುಟ್ಟುವಷ್ಟರಲ್ಲಿ ಆಗಿಹೋಗುತ್ತದೆ. ಮೂತ್ರಚೀಲದ ಸ್ನಾಯು ಹೇಳದೆ ಕೇಳದೆ ಕುಗ್ಗುವುದರಿಂದ ಆಗುವ ತೊಂದರೆ ಇದು. ಇಲ್ಲಿಯೂ ಬೊಜ್ಜಿನ ಪಾಲಿದೆ, ಆದರೆ ದಾರಿ ಬೇರೆ. ಬೊಜ್ಜಿನ ಬೆನ್ನಿಗೇ ಎಷ್ಟೋ ಮಂದಿಗೆ ಸಕ್ಕರೆ ಕಾಯಿಲೆ ಬರುತ್ತದೆ. ರಕ್ತದಲ್ಲಿ ಸಕ್ಕರೆ ಏರಿದರೆ ಮೂತ್ರದ ಪ್ರಮಾಣವೂ ಏರುತ್ತದೆ, ವರ್ಷ ಕಳೆದಂತೆ ಮೂತ್ರಚೀಲದ ನರಗಳೂ ಹಾಳಾಗುತ್ತವೆ. ಬಹಳ ಹೆಂಗಸರಲ್ಲಿ ಎರಡೂ ಬಗೆ ಕೂಡಿಯೇ ಇರುತ್ತವೆ. ಅಮೆರಿಕದ ನರ್ಸ್‌ಗಳನ್ನು ದಶಕಗಳಿಂದ ಹಿಂಬಾಲಿಸುತ್ತಿರುವ ಅಧ್ಯಯನವೊಂದು 2008ರಲ್ಲಿ 54ರಿಂದ 79 ವಯಸ್ಸಿನವರ ಲೆಕ್ಕ ಕೊಟ್ಟಿತು. ಬಿಎಂಐ ಮತ್ತು ಸೊಂಟದಳತೆ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಅವಸರದ ಸೋರಿಕೆ ಬಿಎಂಐ ಜೊತೆ ಹೊಂದಿಕೊಂಡಿತು, ಕೆಮ್ಮಿದಾಗಿನ ಸೋರಿಕೆ ಸೊಂಟದಳತೆಯ ಜೊತೆ ಹೊಂದಿಕೊಂಡಿತು. ಚಿಗವ್ವನದು ಈ ಕೆಮ್ಮಿದಾಗಿನ ಸೋರಿಕೆಯೇ.

ತೆಳ್ಳಗಿದ್ದವರಿಗೆ ಸೋರುವುದಿಲ್ಲವೇ ಎಂದು ಕೇಳಬಹುದು. ಸೋರುತ್ತದೆ. ಹದಿನೇಳಕ್ಕೆ ಮದುವೆಯಾಗಿ, ಬಾಣಂತನ ಮುಗಿಯುವ ಮೊದಲೇ ಕಬ್ಬಿನ ಹೊರೆ ಎತ್ತಿದವರು ಬಾಗಲಕೋಟೆ, ವಿಜಯಪುರ, ಬೆಳಗಾವಿ ಈ ನಮ್ಮ ಮೂರೂ ಜಿಲ್ಲೆಗಳ ಹಳ್ಳಿಗಳಲ್ಲಿ ಎಷ್ಟೋ ಮಂದಿ ಇದ್ದಾರೆ. ಅವರ ನವಾರ ಬೊಜ್ಜಿಲ್ಲದೆಯೂ ಸಡಿಲಾಗಿದೆ. ಒಲೆಯ ಹೊಗೆಯ ಕೆಮ್ಮು, ಹಳೆಯ ಮಲಬದ್ಧತೆ ಇವೂ ಕೆಳಗೆ ಒತ್ತುವ ಭಾರಗಳೇ. ಸೋರುವ ಹೆಂಗಸರನ್ನೆಲ್ಲ "ದಪ್ಪ ಆಗಿದಿ, ಅದಕ್ಕ" ಎಂದು ಹಂಗಿಸಲು ಯಾರಾದರೂ ಈ ಲೇಖನ ಬಳಸಿಕೊಂಡರೆ ನನಗೆ ಬಹಳ ನೋವಾಗುತ್ತದೆ. ಬೊಜ್ಜು ಹೆಣ್ಣಿನ ತಪ್ಪಲ್ಲ. ಮನೆಮಂದಿಯೆಲ್ಲ ಉಂಡ ಮೇಲೆ ರಾತ್ರಿ ಹತ್ತಕ್ಕೆ ಉಣ್ಣುವವಳು, ಉಳಿದದ್ದನ್ನು ಚೆಲ್ಲಲಾರದೆ ತಾನೇ ತಿನ್ನುವವಳು, ಸಂಜೆ ಒಬ್ಬಳೇ ಅರ್ಧ ತಾಸು ಅಡ್ಡಾಡಿ ಬಂದರೆ ಹತ್ತು ಮಂದಿಯಿಂದ "ಎಲ್ಲಿಗೆ ಹೋಗಿದ್ದಿ" ಎಂದು ಕೇಳಿಸಿಕೊಳ್ಳುವವಳು ಅವಳು.

ಈ ತೊಂದರೆಯ ಅತಿ ಕೆಟ್ಟ ಗುಣ ಎಂದರೆ ತನ್ನ ಬೇರಿಗೆ ತಾನೇ ನೀರು ಹಾಕಿಕೊಳ್ಳುವುದು. ಜೋರಾಗಿ ನಡೆದರೆ ಹಸಿಯಾಗುತ್ತದೆ ಎಂದು ಚಿಗವ್ವ ನಡೆಯುವುದು ಬಿಟ್ಟಳು. ನಡೆಯುವುದು ಬಿಟ್ಟದ್ದಕ್ಕೆ ಸೊಂಟ ಬೆಳೆಯಿತು. ಸೊಂಟ ಬೆಳೆದದ್ದಕ್ಕೆ ಸೋರಿಕೆ ಹೆಚ್ಚಾಯಿತು. ಆಮೇಲೆ ನೀರು ಕುಡಿಯುವುದನ್ನೂ ಬಿಟ್ಟಳು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಬಸ್ಸು ಹೆಂಗಸರಿಗೆ ಪುಕ್ಕಟೆಯಾಗಿದೆ. ಅವಳ ಓಣಿಯ ಹೆಣ್ಣುಮಕ್ಕಳು ಸವದತ್ತಿ ಎಲ್ಲಮ್ಮ, ಕೂಡಲಸಂಗಮ ಎಂದು ಓಡಾಡಿ ಬಂದರು. ಇವಳು ಬಾಗಲಕೋಟೆಗೆ ಬರಬೇಕೆಂದರೂ ಹಿಂದಿನ ರಾತ್ರಿಯಿಂದ ಹನಿ ನೀರು ಬಾಯಿಗೆ ಬಿಡುತ್ತಿರಲಿಲ್ಲ. ನಮ್ಮ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ನೀರು ಕುಡಿಯದಿದ್ದರೆ ಮೂತ್ರ ಗಟ್ಟಿಯಾಗಿ ಮೂತ್ರಚೀಲವನ್ನು ಕೆರಳಿಸುತ್ತದೆ, ಮಲ ಗಟ್ಟಿಯಾಗಿ ತಿಣುಕುವುದು ಹೆಚ್ಚುತ್ತದೆ, ಹರಳಿನ ಭಯ ಬೇರೆ. ಸೋರಿಕೆ ಮಾತ್ರ ಕಡಿಮೆಯಾಗುವುದಿಲ್ಲ.

ಈ ಸುತ್ತನ್ನು ಮುರಿಯಲು ಎಷ್ಟು ತೂಕ ಇಳಿಸಬೇಕು? 2009ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ 'ಪ್ರೈಡ್' ಎಂಬ ಪ್ರಯೋಗ ಇದಕ್ಕೆ ಉತ್ತರ ಹುಡುಕಿತ್ತು. ವಾರಕ್ಕೆ ಕನಿಷ್ಠ 10 ಸಲ ಸೋರುತ್ತಿದ್ದ, ತೂಕ ಹೆಚ್ಚಿದ್ದ 338 ಹೆಂಗಸರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆರು ತಿಂಗಳು ಊಟ ಮತ್ತು ನಡಿಗೆಯ ಕಟ್ಟುನಿಟ್ಟಿನ ಕಾರ್ಯಕ್ರಮ. ಇನ್ನೊಂದಕ್ಕೆ ನಾಲ್ಕು ತಿಳಿವಳಿಕೆ ತರಗತಿ ಮಾತ್ರ. ಸೋರಿಕೆ ನಿಭಾಯಿಸುವ ಕಿರುಪುಸ್ತಕ ಇಬ್ಬರಿಗೂ ಸಿಕ್ಕಿತು. ಮೊದಲ ಗುಂಪಿನವರ ತೂಕ ಸರಾಸರಿ ನೂರಕ್ಕೆ 8ರಷ್ಟು ಇಳಿಯಿತು, ಸೋರಿಕೆ ನೂರಕ್ಕೆ 47ರಷ್ಟು ಕಡಿಮೆಯಾಯಿತು. ಲಾಭ ಹೆಚ್ಚು ಕಂಡದ್ದು ಕೆಮ್ಮಿದಾಗಿನ ಸೋರಿಕೆಯಲ್ಲಿ. ಆ ಹೆಂಗಸರು ನಮ್ಮವರಿಗಿಂತ ಬಹಳ ಭಾರದವರು, ಅವರ ಸರಾಸರಿ ಬಿಎಂಐ 36 ಇತ್ತು, ಹಾಗಾಗಿ ಅಲ್ಲಿಯ ಅಂಕಿಯನ್ನು ಹಾಗೇ ಇಲ್ಲಿಗೆ ತಂದಿಡಲಾಗದು. ಆದರೂ ನೂರಕ್ಕೆ 8 ಅಂದರೆ 65 ಕೆಜಿ ತೂಗುವವರಿಗೆ ಐದು ಕೆಜಿ ಚಿಲ್ಲರೆ. ಯಾರೂ ಹುಡುಗಿಯ ಹಾಗೆ ತೆಳ್ಳಗಾಗಬೇಕಿಲ್ಲ.

ಎರಡನೆಯ ಗುಂಪನ್ನು ಬಹಳ ಜನ ಓದಿ ಮುಂದೆ ಹೋಗಿಬಿಡುತ್ತಾರೆ. ನನಗೆ ಅಲ್ಲಿಯೇ ಕಣ್ಣು ನಿಂತಿತು. ಅವರ ತೂಕ ಇಳಿದದ್ದು ಬರೀ ಒಂದೂವರೆ ಕೆಜಿ, ಸೋರಿಕೆ ಇಳಿದದ್ದು ನೂರಕ್ಕೆ 28. ಯಾರೋ ಕೇಳಿದರು, ಒಂದು ಪುಸ್ತಕ ಕೈಗಿಟ್ಟರು, ಎಷ್ಟು ಸಲ ಸೋರಿತು ಎಂದು ಬರೆದಿಡಲು ಹೇಳಿದರು. ಅಷ್ಟಕ್ಕೇ ಇಷ್ಟು ಫಲ ಸಿಕ್ಕಿದ್ದರೆ, ಯಾರೂ ಕೇಳದ ನಮ್ಮ ಊರುಗಳಲ್ಲಿ ನಾವು ಕಳೆದುಕೊಳ್ಳುತ್ತಿರುವುದು ಎಷ್ಟು?

ಕಿರುಪುಸ್ತಕದಲ್ಲಿ ಇರುವಂಥದ್ದು ಗುಟ್ಟಿನ ವಿದ್ಯೆಯೇನಲ್ಲ. ನವಾರ ಬಿಗಿ ಮಾಡುವ ವ್ಯಾಯಾಮವನ್ನು ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲೇ ಹೇಳಿಕೊಟ್ಟಿದ್ದ. ನಾಲ್ಕು ಮಂದಿಯ ನಡುವೆ ಗಾಳಿ ಬಿಡದಂತೆ ತಡೆಯುವಾಗ ಯಾವ ಸ್ನಾಯು ಬಿಗಿಯುತ್ತದೋ ಅದನ್ನೇ ಒಳಕ್ಕೂ ಮೇಲಕ್ಕೂ ಎಳೆದು, ಐದಾರು ಎಣಿಸುವವರೆಗೆ ಹಿಡಿದು ಬಿಡಬೇಕು. ಹೊಟ್ಟೆ, ತೊಡೆ, ಕುಂಡೆ ಸಡಿಲವಾಗಿರಬೇಕು, ಉಸಿರು ಕಟ್ಟಬಾರದು. ಒಮ್ಮೆಗೆ ಎಂಟು ಸಲ, ದಿನಕ್ಕೆ ಮೂರು ಹೊತ್ತು, ಕನಿಷ್ಠ ಮೂರು ತಿಂಗಳು. ಮೂತ್ರ ಮಾಡುವಾಗ ನಡುವೆ ತಡೆದು ಅಭ್ಯಾಸ ಮಾಡುವುದು ಬೇಡ. ಕೆಮ್ಮಿದಾಗ ಸೋರುವವರ ಮೇಲೆ ನಡೆದ ಪ್ರಯೋಗಗಳನ್ನೆಲ್ಲ 2018ರಲ್ಲಿ ಕಾಕ್ರನ್ ಸಂಸ್ಥೆ ಒಟ್ಟು ಮಾಡಿ ನೋಡಿತು. ಈ ವ್ಯಾಯಾಮ ಮಾಡಿದವರಲ್ಲಿ ನೂರಕ್ಕೆ 56 ಮಂದಿ, ಮಾಡದವರಲ್ಲಿ 6 ಮಂದಿ ವಾಸಿಯಾಯಿತೆಂದು ಹೇಳಿದ್ದರು. ಇದರ ಜೊತೆ ಇನ್ನೊಂದು ಚಾಣಾಕ್ಷತನವಿದೆ. ಒಣಮೆಣಸಿನಕಾಯಿ ಹುರಿಯುವಾಗ ಘಾಟು ಮೂಗಿಗೆ ಬಡಿದು ಸೀನು ಬರುವ ಸೂಚನೆ ಸಿಗುತ್ತದಲ್ಲ, ಆ ಕ್ಷಣಕ್ಕೇ ಆ ಸ್ನಾಯುವನ್ನು ಬಿಗಿಹಿಡಿಯಬೇಕು. ತುಂಬಿದ ಕೊಡ ಎತ್ತುವ ಮುಂಚೆಯೂ ಹಾಗೇ.

ಹೊಟ್ಟೆ ಕರಗಿಸಲು ಮಲಗಿ ಎದ್ದು ಮಾಡುವ ಕಸರತ್ತಿನಿಂದ ಶುರು ಮಾಡುವುದು ಮಾತ್ರ ಬೇಡ. ಅದು ಸಡಿಲಾದ ನವಾರವನ್ನೇ ಇನ್ನಷ್ಟು ಕೆಳಕ್ಕೆ ತಳ್ಳುತ್ತದೆ. ಸೊಂಟಕ್ಕೆ ಬಿಗಿದುಕೊಳ್ಳುವ ಪಟ್ಟಾಗಳೂ ಅಷ್ಟೇ, ಕೊಬ್ಬು ಕರಗುವುದಿಲ್ಲ, ಒತ್ತಡ ಕೆಳಗೆ ಇಳಿಯುತ್ತದೆ. ನಡಿಗೆಯೇ ಒಳ್ಳೆಯದು.

ಊಟದ ಮಾತಿಗೆ ಬಂದರೆ ಎಲ್ಲರೂ ಮೊದಲು ರೊಟ್ಟಿ ಬಿಡಿಸಲು ನೋಡುತ್ತಾರೆ. ಜೋಳದ ರೊಟ್ಟಿ, ಪುಂಡಿಪಲ್ಲೆ, ಮೊಳಕೆ ಕಾಳು, ಮೊಸರು ಇವು ನಮ್ಮ ಶತ್ರುಗಳಲ್ಲ. ನಾನು ಚಿಗವ್ವನ ಮನೆಯಲ್ಲಿ ಎರಡು ದಿನ ಇದ್ದು ನೋಡಿದ್ದು ಚಹಾ. ಎದ್ದ ಕೂಡಲೇ ಒಂದು, ಹಾಲು ಕಾಸಿದಾಗ ಒಂದು, ನೆರೆಯವರು ಬಂದರೆ ಒಂದು, ಹೀಗೆ ಆರಕ್ಕೆ ಕಡಿಮೆಯಿಲ್ಲ. ಕಪ್ಪಿಗೆ ಎರಡು ಚಮಚ ಎಂದರೆ ಹತ್ತು ಗ್ರಾಂ, ದಿನಕ್ಕೆ 60 ಗ್ರಾಂ ಸಕ್ಕರೆ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 25 ಗ್ರಾಂ ಆಸುಪಾಸಿಗೆ ಇಳಿಸಿದರೆ ಒಳ್ಳೆಯದು ಎನ್ನುತ್ತದೆ. ಸಕ್ಕರೆ ಸೊಂಟಕ್ಕೆ ಸೇರುತ್ತದೆ, ಚಹಾದಲ್ಲಿರುವ ಕೆಫೀನು ಮೂತ್ರಚೀಲವನ್ನು ಕೆರಳಿಸುತ್ತದೆ. ಒಂದೇ ಕಪ್ಪಿನಿಂದ ಎರಡು ಕಡೆ ಪೆಟ್ಟು. ಆರು ಕಪ್ಪು ಎರಡಕ್ಕೆ ಇಳಿಯಿತು. ಸಂಜೆಯ ಮಿರ್ಚಿ ಭಜಿ ವಾರಕ್ಕೊಮ್ಮೆ ಆಯಿತು, ರಾತ್ರಿಯೂಟ ಎಂಟಕ್ಕೆ ಬಂತು. ಸೊಸೆ ಹಟ ಹಿಡಿದು ದಿನಾ ಅರ್ಧ ತಾಸು ಜೊತೆಗೆ ನಡೆಯತೊಡಗಿದಳು. ಮೊದಲ ತಿಂಗಳು ಬಟ್ಟೆ ಇಟ್ಟುಕೊಂಡೇ ನಡೆದಳು. ಅದಕ್ಕೆ ನಾಚಬೇಕಾದ್ದೇನೂ ಇಲ್ಲ. ಆರು ತಿಂಗಳಿಗೆ ನಾಲ್ಕು ಕೆಜಿ ಇಳಿದಳು. ದಿನಕ್ಕೆ ಮೂರು ಸಲ ಬಟ್ಟೆ ಬದಲಿಸುತ್ತಿದ್ದವಳಿಗೆ ಈಗ ಒಂದು ಸಾಕು, ಕೆಲವು ದಿನ ಅದೂ ಬೇಡ. ನೆಗಡಿ ಕೆಮ್ಮು ಬಂದರೆ ಈಗಲೂ ಸೋರುತ್ತದೆ.

ಮನೆಯಲ್ಲೇ ಕೂತು ವ್ಯಾಯಾಮ ಮಾಡುತ್ತ ಕಾಯಬಾರದ ಸಂದರ್ಭಗಳೂ ಇವೆ. ಮೂತ್ರದಲ್ಲಿ ರಕ್ತ, ಉರಿ ಮತ್ತು ಜ್ವರ, ಕೆಳಗೆ ಗಡ್ಡೆಯಂತೆ ಏನೋ ಇಳಿದು ಬರುವುದು, ಹೆರಿಗೆ ಅಥವಾ ಆಪರೇಷನ್ ಆದ ಮೇಲೆ ಹಗಲು ರಾತ್ರಿ ಹನಿಯುತ್ತಲೇ ಇರುವುದು ಕಂಡರೆ ತಡಮಾಡದೆ ಸ್ತ್ರೀರೋಗ ವೈದ್ಯರನ್ನು ಕಾಣಬೇಕು. ಒಮ್ಮೆಲೇ ಕಾಲು ಜೋಮು ಹಿಡಿದು ಮಲಮೂತ್ರದ ಹಿಡಿತ ತಪ್ಪಿದರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಬಾಗಲಕೋಟೆ, ವಿಜಯಪುರ, ಬೆಳಗಾವಿ ಮೂರೂ ಕಡೆ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ. ವ್ಯಾಯಾಮಕ್ಕೆ ಬಗ್ಗದ ಸೋರಿಕೆಗೆ ಔಷಧವೂ ಇದೆ, ಶಸ್ತ್ರಚಿಕಿತ್ಸೆಯೂ ಇದೆ.

ಅಲ್ಲಿಯವರೆಗೆ ಹೋಗುವುದಕ್ಕೆ ಮೊದಲು ಯಾರಾದರೂ ಕೇಳಬೇಕಲ್ಲ. ಮೂವತ್ತು ದಾಟಿದ ಪ್ರತಿಯೊಬ್ಬರಿಗೂ ಆಶಾ ಕಾರ್ಯಕರ್ತೆಯರು ಒಂದು ಫಾರ್ಮ್ ತುಂಬುತ್ತಾರೆ. ಬಿಪಿ, ಶುಗರ್, ಕ್ಯಾನ್ಸರ್ ಅಪಾಯ ಯಾರಿಗಿದೆ ಎಂದು ಮನೆ ಬಾಗಿಲಲ್ಲೇ ಗುರುತಿಸುವ ಫಾರ್ಮ್ ಅದು. ಚಿಗವ್ವನ ಮನೆಯಲ್ಲಿ ನಾನಿದ್ದಾಗಲೇ ಅವಳ ಓಣಿಯ ಆಶಾ ಕಾರ್ಯಕರ್ತೆ ಬಂದಳು. ಹೊಸ್ತಿಲ ಒಳಗೆ ನಿಲ್ಲಿಸಿ ಸೀರೆಯ ಮೇಲೆ ಟೇಪು ಸುತ್ತಿದಳು. "ಹೊಟ್ಟಿ ಒಳಗ ಎಳಕೋಬ್ಯಾಡ ಅತ್ಯಾರ, ಉಸುರ ಬಿಡ್ರಿ." 98 ಎಂದು ಗುರುತಿಸಿಕೊಂಡಳು. ಹೆಂಗಸರಿಗೆ ಆ ಫಾರ್ಮಿನಲ್ಲಿ ಮೂರು ಮನೆಗಳಿವೆ: 80ರ ಒಳಗೆ, 81ರಿಂದ 90, 90ರ ಮೇಲೆ. ಎದೆಯಲ್ಲಿ ಗಂಟು ಇದೆಯೇ, ಮುಟ್ಟು ನಿಂತ ಮೇಲೆ ರಕ್ತ ಕಂಡಿದೆಯೇ, ವಾಸನೆಯ ಸ್ರಾವ ಇದೆಯೇ ಎಂದು ಹೆಂಗಸರಿಗೆಂದೇ ಇರುವ ಪ್ರಶ್ನೆಗಳನ್ನೂ ಕೇಳಿದಳು. ಇಷ್ಟು ಒಳಗಿನ ಮಾತನ್ನೆಲ್ಲ ಕೇಳುವ ಆ ಹಾಳೆಯಲ್ಲಿ ಕೆಮ್ಮಿದರೆ ಸೋರುತ್ತದೆಯೇ ಎಂಬ ಪ್ರಶ್ನೆ ಇಲ್ಲ. ಚಿಗವ್ವನ ಸೊಂಟದ ಅಳತೆ ಸರ್ಕಾರದ ಲೆಕ್ಕಕ್ಕೆ ಹೋಯಿತು, ಐದು ವರ್ಷದ ಕಷ್ಟ ಅವಳ ಹತ್ತಿರವೇ ಉಳಿಯಿತು.

ಆಶಾ ಅಕ್ಕನಿಗೆ ಹೊರಗೆ ಬಂದಾಗ ಇದನ್ನೇ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೇಳಿದ್ರ ಹೇಳ್ತಾರ್ರೀ ಅಕ್ಕಾರ. ನನಗೂ ಆಗತೈತಿ. ಫಾರ್ಮಿನ್ಯಾಗ ಜಾಗ ಇಲ್ಲ, ಅದಕ್ಕ ಯಾರಿಗೂ ಕೇಳಿಲ್ಲ" ಎಂದಳು.

ಸೇರಿಸಲು ಒಂದು ಸಾಲು ಸಾಕು. ಹೌದು ಎಂದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೂತ್ರ ಪರೀಕ್ಷೆ, ಶುಗರ್ ಪರೀಕ್ಷೆ, ವ್ಯಾಯಾಮ ತೋರಿಸಿಕೊಡಲು ಒಬ್ಬ ನರ್ಸ್, ಮೂರು ತಿಂಗಳಿಗೆ ಮತ್ತೊಮ್ಮೆ ಸೊಂಟದ ಅಳತೆ. ಇದಕ್ಕೆ ಹೊಸ ಯಂತ್ರ ಬೇಡ, ಹೊಸ ಕಟ್ಟಡ ಬೇಡ. ಸರ್ಕಾರದ ಫಾರ್ಮ್ ಬದಲಾಗುವುದು ಯಾವಾಗಲೋ. ಆ ಆಶಾ ಅಕ್ಕ ಮಾತ್ರ ಈಗ ಸೊಂಟದ ಅಳತೆ ಬರೆದ ಮೇಲೆ ದನಿ ತಗ್ಗಿಸಿ, "ಕೆಮ್ಮಿದ್ರ ಹಸಿ ಆಗತೈತೇನ್ರೀ?" ಎಂದು ಕೇಳುತ್ತಾಳೆ. ಹೌದು ಎಂದವರ ಹೆಸರಿನ ಮಗ್ಗುಲಿಗೆ ಪೆನ್ಸಿಲಿನಲ್ಲಿ ಒಂದು ಚುಕ್ಕೆ ಇಡುತ್ತಾಳೆ.